‘ವಿಶ್ರಾಂತಿ’ ಎಂಬ ಗಾಜು

ಬನಹಟ್ಟಿಯ ತಗಡಿನ ಟಾಕೀಸಿನ ಆಪರೇಟರ್ ಸಿನಿಮಾ ನೋಡುತ್ತಿರಲಿಲ್ಲ. ಗೋಡೆಯ ಕಿಂಡಿಯಿಂದ ಮಂದಿಯನ್ನು ನೋಡುತ್ತಿದ್ದ. ಕಾಲೇಜಿನ ರಜೆಯಲ್ಲಿ ನಾನು ಆತನ ಯಂತ್ರದ ಕೋಣೆಗೆ ಹೋದರೆ ಸರಿದು ಜಾಗ ಕೊಡುತ್ತಿದ್ದ.

“ಈಗ ತಾಯಿ ಅಳೂ ಮಾರಿ ಪಡದೆ ತುಂಬ ಬರತೈತ್ರಿ. ಹೆಣ್ಮಕ್ಕಳು ಸೆರಗು ಬಾಯಿಗೆ ಹಿಡೀತಾರ ನೋಡ್ರಿ.”

ಹಾಗೆಯೇ ಆಗುತ್ತಿತ್ತು. “ಪಡದೆ ಹೇಳಿದ್ದು ಮಂದಿ ಕೇಳ್ತಾರ್ರಿ,” ಎನ್ನುತ್ತಿದ್ದ, ಪ್ರತಿ ಸಲವೂ.

ಒಂದು ಮಧ್ಯಾಹ್ನದ ಆಟದಲ್ಲಿ ಫಿಲ್ಮು ಯಂತ್ರದಲ್ಲಿ ಸಿಕ್ಕಿಕೊಂಡು ಭಗ್ಗನೆ ಹೊತ್ತಿತು. ಕೆಳಗೆ ನೇಕಾರರ ಮನೆಮಂದಿಯೆಲ್ಲ ಕಿಕ್ಕಿರಿದಿದ್ದರು. ಇದ್ದದ್ದು ಒಂದೇ ಬಾಗಿಲು. “ಬೆಂಕಿ” ಎಂದು ಕೂಗಲು ನಾನು ಬಾಯಿ ತೆರೆದೆ. ಆತ ಮೊಣಕೈಯಿಂದ ನನ್ನನ್ನು ಗೋಡೆಗೆ ಒತ್ತಿ, ಯಂತ್ರದ ಕಿಂಡಿ ಮುಚ್ಚಿ, ಜಾಹೀರಾತು ತೋರಿಸುವ ದೀಪದ ಪೆಟ್ಟಿಗೆಗೆ ‘ವಿಶ್ರಾಂತಿ’ ಎಂದು ಬರೆದ ಗಾಜನ್ನು ತೂರಿಸಿದ. ಆಮೇಲೆ ಉರಿಯುವ ಫಿಲ್ಮನ್ನು ಬರಿಗೈಯಲ್ಲೇ ಕಿತ್ತು ಉಸುಕಿನ ಬಕೆಟ್ಟಿನೊಳಗೆ ಒತ್ತಿ ಹಿಡಿದ.

ಪರದೆಯ ಮೇಲೆ ಆ ಪದ ಕಂಡದ್ದೇ ಮಂದಿ ಗೊಣಗುತ್ತ, ಮಕ್ಕಳನ್ನು ಎತ್ತಿಕೊಂಡು, ನಿಧಾನವಾಗಿ ಚಹಾಕ್ಕೆ ಹೊರನಡೆದರು. ಆ ಬಾಗಿಲು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ನಾನು ಕೂಗಿಬಿಟ್ಟಿರುತ್ತೇನೆ.

ಆಟ ಮತ್ತೆ ಶುರುವಾಗಲಿಲ್ಲ. ನಾವಿಬ್ಬರೂ ಹೋದ ಚಹಾದಂಗಡಿಯಲ್ಲಿ ಪಕ್ಕಕ್ಕೆ ಕೂತ ನೇಕಾರನೊಬ್ಬ, ಈತನೇ ಆಪರೇಟರ್ ಎಂದು ತಿಳಿಯದೆ, ಈತನಿಗೇ ಹೇಳಿದ:

“ಅರ್ಧಾ ಪಿಚ್ಚರಿಗೆ ಮನಿಗೆ ಕಳಿಸ್ಯಾನ್ರೀ ಮಗ. ಸಿಗಲಿ, ನಾಕು ಏಟು ಬಿಡತೇನಿ.”

“ಬಿಡ್ರಿ, ಛಲೋತ್ನಂಗ ಬಿಡ್ರಿ,” ಎಂದ ಆಪರೇಟರ್, ಸುಟ್ಟ ಕೈಗಳನ್ನು ಟವೆಲ್ಲಿನೊಳಗೆ ಸರಿಸುತ್ತ. ನಾನು ಮಾತಾಡಹೋದಾಗ ಬೇಡವೆಂದು ತಲೆ ಅಲ್ಲಾಡಿಸಿದ. ಮುಂದಿದ್ದ ಚಹಾದ ಕಪ್ಪನ್ನು ಎತ್ತಲಾಗದೆ, ಅದು ಆರುವುದನ್ನೇ ನೋಡುತ್ತ ಕೂತ.