ಸೂತಕದ ಮನೆಗೆ ಮಾಡದ ಫೋನು

ಗಂಗಾವತಿಯ ಗೌರೀಶನನ್ನು ಯಾರೂ ಬೈದವರಿಲ್ಲ. ದೊಡ್ಡವರ ಮುಂದೆ ದನಿ ಎತ್ತಿದವನಲ್ಲ, ಕೂಡ್ರು ಅನ್ನದೆ ಕೂತವನಲ್ಲ. ಆ ಒಳ್ಳೆಯತನವೇ ಅವನಿಗೆ ಮುಳುವಾಯಿತು.

ಅವನಿದ್ದದ್ದು ಊರೂರು ತಿರುಗಿ ಹೆಣ್ಣುಮಕ್ಕಳ ಹಾಡು ದಾಖಲಿಸುವ ಒಂದು ಸಣ್ಣ ಸಂಸ್ಥೆಯಲ್ಲಿ. ಹಾಡುಗಳೆಲ್ಲ ಎಲ್ಲೋ ದೂರದ ಕ್ಲೌಡ್ ಡಿಸ್ಕಿನಲ್ಲಿ. ಅದನ್ನು ಕಾಯುವವರು ಇಬ್ಬರೇ, ನವಲಿಯ ಬಾಲಪ್ಪ ಮತ್ತು ಅವನ ಕೈಕೆಳಗಿನ ಗೌರೀಶ. ಬಾಲಪ್ಪನ ತಾಯಿ ಗಾಳೆಮ್ಮ ತೀರಿಕೊಂಡಳೆಂದು ಸುದ್ದಿ ಬಂತು. ಬಾಲಪ್ಪ ಕೆಲಸವನ್ನು ಅರ್ಧಕ್ಕೇ ಬಿಟ್ಟು ಊರಿಗೆ ಓಡಿದ.

ಅದೇ ವಾರ ಮರಳಿಯ ಗದ್ದೆಯಿಂದ ಅನ್ನಪೂರ್ಣಳ ಫೋನು. ನಾಟಿ ಹಾಡು ದಾಖಲಿಸಲು ಸಂಸ್ಥೆಯಿಂದ ಹೋದವಳು ಅವಳು.

"ಗೌರೀಶಣ್ಣ, ಹಾಡು ಮ್ಯಾಲೆ ಏರವಲ್ವು ನೋಡ್ರಿ. ನಮ್ಮ ಡಿಸ್ಕ್ ತುಂಬೇತಿ, ಸುಮ್ಮನಿರ್ರಿ ಅಂತ ಈ ಹೆಣ್ಮಕ್ಕಳಿಗೆ ಹೇಳ್ಲೇನು? ಕೆಸರು ತೂರ್ತಾರ ನನ್ನ ಮ್ಯಾಲೆ!"

ಗೌರೀಶ ಡಿಸ್ಕ್ ಹಿಗ್ಗಿಸಲು, ತನ್ನಷ್ಟಕ್ಕೆ ಆ ಕೆಲಸ ಮಾಡುವ ಆಟೊಮೇಷನ್‌ಗೆ ಕೋರಿಕೆ ಕೊಟ್ಟ. ವಿಫಲ. ಮತ್ತೆ ಕೊಟ್ಟ, ಮತ್ತೆ ವಿಫಲ. ಹಿಗ್ಗಿಸಲು ಸಂಸ್ಥೆಯ ಖಾತೆಯಲ್ಲಿ ಜಾಗ ಇತ್ತು, ಅನುಮತಿಯೂ ಇತ್ತು. ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಕೆದಕಿದಾಗ ಕಾರಣ ಸಿಕ್ಕಿತು: ಡಿಸ್ಕಿಗೆ ಒಂದು ಸ್ನ್ಯಾಪ್‌ಶಾಟ್ ಅಂಟಿಕೊಂಡಿದೆ. ಅಂದರೆ ಡಿಸ್ಕು ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟ ರೂಪ. ಅದಿರುವ ತನಕ ಡಿಸ್ಕು ಬೆಳೆಯದು. ಬಾಲಪ್ಪನೇ ತೆಗೆದಿಟ್ಟಿದ್ದ, ಯಾಕೆಂದು ಗೌರೀಶನಿಗೆ ತಿಳಿಯದು.

ಕೇಳಬೇಕು. ಫೋನು ಕೈಗೆತ್ತಿಕೊಂಡ. ಸೂತಕದ ಮನೆ, ಹೆತ್ತವ್ವ ಹೋಗಿ ಕೂತವನ ಮುಂದೆ ಕೆಲಸದ ಮಾತು ತೆಗೆಯುವುದು ಹೇಗೆ? ಫೋನು ಕೆಳಗಿಟ್ಟ. ಸ್ನ್ಯಾಪ್‌ಶಾಟ್ ಅಳಿಸಿದ. ಡಿಸ್ಕು ಹಿಗ್ಗಿತು. ಅನ್ನಪೂರ್ಣ "ಭಾಳ ಛಲೋ ಆತ್ರೀ" ಅಂದಳು. ಗೌರೀಶ ಚಹಾ ತರಿಸಿ ಕುಡಿದ.

ಸೂತಕ ಕಳೆದು ಬಾಲಪ್ಪ ಬಂದ. ತಲೆ ಬೋಳಿಸಿಕೊಂಡಿದ್ದ. ಕುಂತವನೇ ಅಂದ:

"ತಮ್ಮಾ, ಸುದ್ದಿ ಬಂದ ದಿನ ಡಿಸ್ಕ್ ಹಸನ ಮಾಡಾಕ ಹೋಗಿ, ನಾ ರೆಕಾರ್ಡ್ ಮಾಡಿದ್ದ ಅವ್ವನ ನಾಟಿ ಹಾಡೂ ಅಳಿಸಿಬಿಟ್ಟಿದ್ದೆ. ಪುಣ್ಯಾಕ ಅಳಿಸೂ ಮೊದಲು ಒಂದು ಸ್ನ್ಯಾಪ್‌ಶಾಟ್ ಇಟ್ಟಿದ್ದೆ. ಅದರಾಗಿಂದ ತೆಗಿ."

ಸ್ನ್ಯಾಪ್‌ಶಾಟ್ ತಾನೇ ಅಳಿಸಿದೆನೆಂದು ಗೌರೀಶ ಹೇಳಿದ. ಬೇರೆಲ್ಲೂ ಪ್ರತಿ ಇರಲಿಲ್ಲ.

ಬಾಲಪ್ಪ ಪರದೆಯಿಂದ ಇತ್ತ ತಿರುಗಿದ. "ಒಂದು ಫೋನ್ ಮಾಡಬಾರದೇನೋ?"

"ಸೂತಕ ಇತ್ತಲ್ರಿ ಅಣ್ಣ..."

"ಅಕಿ ದನಿ ಸಲುವಾಗಿ ಫೋನ್ ಬಂದಿದ್ರ ನಾ ಬ್ಯಾಡಂತಿದ್ದೆನೇನು?"

ಆ ನಾಟಿ ಹಂಗಾಮು ಮುಗಿಯುವ ಮುಂಚೆ, ಆ ಹಾಡನ್ನು ಮತ್ತೆ ದಾಖಲಿಸಲು ಗೌರೀಶ ಬಾಲಪ್ಪನೊಂದಿಗೆ ನವಲಿಗೆ ಹೋದ. ಗಾಳೆಮ್ಮನ ಜೊತೆ ನಾಟಿ ಮಾಡಿದ್ದ ಮಾರೆಮ್ಮ ಹಾಡಿದಳು. ನಡುವೆ ಸಾಲು ತಪ್ಪಿ ನಿಂತಳು. "ಮುಂದಿಂದು ನಿಮ್ಮವ್ವಗ ಗೊತ್ತಿತ್ತಪ್ಪಾ, ನನಗ ಬರೂದಿಲ್ಲ," ಅಂದಳು. ಬಾಲಪ್ಪ ಒಡೆದ ದನಿಯಲ್ಲಿ ಒಂದು ಸಾಲು ಎತ್ತಿದ, ಆಮೇಲೆ ಅವನಿಗೂ ಬರಲಿಲ್ಲ.

ಗೌರೀಶ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ನಿಲ್ಲಿಸಲೇ ಎಂದು ಕೇಳಲು ಈಗಲೂ ಅವನಿಗೆ ಬಾಯಿ ಬರಲಿಲ್ಲ.