ಬ್ಯಾಟರಿಗಳಿಗೆ ಅಭ್ಯಂಜನ

ವೈಕ್ಕೊ ಪಾಲೊಸಾರಿಯ ತಾತ ಈಸಾಕ್ಕಿ ಫಿನ್ಲೆಂಡಿನಿಂದ ಮಿಷಿಗನ್ನಿನ ಉತ್ತರದ ತುದಿಗೆ ಬಂದು ತಾಮ್ರದ ಗಣಿಯಲ್ಲಿ ದುಡಿದವನು. ಮುಷ್ಕರದಲ್ಲಿ ಮೇಸ್ತ್ರಿಯ ಮೂಗು ಮುರಿದದ್ದೇ ಅವನ ಜನ್ಮದ ಪರಾಕ್ರಮ. ಅಪ್ಪ ಉರ್ಹೊ ಕಾಡಿನ ಹೊಳೆಗೆ ಮರದ ಸೇತುವೆ ಕಟ್ಟಿದ. ಹಿಮ ಕರಗಿದಾಗ ಹೊಳೆ ಅದನ್ನು ಎತ್ತಿಕೊಂಡು ಹೋಯಿತು. ಅಪ್ಪ ದಡದಲ್ಲಿ ನಿಂತು ಹೊಳೆಗೇ ಬೈದ. ಈ ವಂಶದಲ್ಲಿ ತಪ್ಪು ಯಾವತ್ತೂ ಬೇರೆಯವರದೇ.

ಅವರು ಬಿಟ್ಟುಹೋದ ಆಸ್ತಿ ಎಂದರೆ ಜೌಗಿನಾಚೆಯ ಬೇಟೆಯ ಅಟ್ಟಣೆ. ಊರಿನ ಕಟ್ಟಳೆಯಂತೆ, ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ, ಬೆಳಕು ಹರಿಯುವುದರೊಳಗೆ, ಯಾರ ಕೈಯನ್ನೂ ಹಿಡಿಯದೆ ತನ್ನ ಅಟ್ಟಣೆ ಹತ್ತಿದವನಿಗೇ ಅದು ಸಲ್ಲುತ್ತದೆ; ತಪ್ಪಿದರೆ ದಾಯಾದಿಯ ಪಾಲು. ಹೊಳೆ ದಾಟಿದ ಮೇಲೆ ಪೆಟ್ರೋಲ್ ಗಾಡಿ ಕೂಡದು; ಸದ್ದಿಗೂ ನಾತಕ್ಕೂ ಜಿಂಕೆ ಹೆದರುತ್ತದೆ. ವೈಕ್ಕೊನ ಮಂಡಿ ಹಾಳಾಗಿತ್ತು. ಚಿಕ್ಕಪ್ಪನ ಮಗ ಒನ್ನಿಗಂತೂ ಆ ಅಟ್ಟಣೆಯ ಮೇಲೆ ಮೊದಲಿನಿಂದಲೂ ಕಣ್ಣು.

"ಅಣ್ಣಾ, ಈ ವರ್ಷ ಮನೇಲೇ ಬೆಚ್ಚಗಿರು. ಅಟ್ಟಣೇನ ನನ್ನ ಮಗ ನೋಡ್ಕೋತಾನೆ," ಎಂದ ಒನ್ನಿ, ಸಕ್ಕರೆ ಸುರಿದಂತೆ.

"ನಿನ್ನ ಮಗನಾ? ಜಿಂಕೆ ಕಂಡ್ರೆ ಫೋಟೋ ತೆಗೀತಾನೆ ಅವ್ನು!"

ಅಂದೇ ವೈಕ್ಕೊ ಎಂಜಿನ್ ಸತ್ತ ಹಳೇ ನಾಲ್ಕು ಚಕ್ರದ ಕಾಡುಗಾಡಿಯನ್ನು ಕೊಟ್ಟಿಗೆಗೆ ಎಳೆದು ತಂದ. ಎಂಜಿನ್ ಕಿತ್ತೆಸೆದು, ಗೋದಾಮಿನಲ್ಲಿ ಸರಕು ಎತ್ತುತ್ತಿದ್ದ ಗಾಡಿಯ ಮೋಟರ್ ಕೂರಿಸಿದ. ಮಂಚದ ಕಬ್ಬಿಣ ಕತ್ತರಿಸಿ ಚೌಕಟ್ಟಿಗೆ ಬೆಸೆದ. ಮಲಗಲು ಹೋದ ಹೆಂಡತಿ ಹೆಲ್ಮಿಗೆ ನೆಲದ ಮೇಲೆ ಹಾಸಿಗೆಯೊಂದೇ ಕಂಡಿತು. ಗಾಲ್ಫ್ ಗಾಡಿಯ ಸೀಸದ ಬ್ಯಾಟರಿಗಳನ್ನು ಮುಂದೆ ಹಿಂದೆ ಪೇರಿಸಿದ ಮೇಲೆ ಗಾಡಿ ಬಸುರಿ ಎಮ್ಮೆಯ ಹಾಗೆ ಕುಸಿದು ನಿಂತಿತು. ಆದರೆ ಓಡಿತು, ಬೆಕ್ಕು ನಡೆದಷ್ಟೇ ಸದ್ದು ಮಾಡುತ್ತ. ವೈಕ್ಕೊ ಊರಿನ ಪೆಟ್ರೋಲ್ ಗಾಡಿಗಳವರನ್ನೆಲ್ಲ ಕಂಡಲ್ಲಿ ಹೀಯಾಳಿಸುತ್ತ ತಿರುಗಿದ.

ಬೇಟೆಯ ಮುನ್ನಾ ದಿನ ಚಳಿ ಕಚ್ಚಿತು. ಚಳಿಗೆ ಬ್ಯಾಟರಿಯ ಕಸುವು ಇಳಿಯುತ್ತದೆಂದು ಅವನಿಗೆ ಗೊತ್ತಿತ್ತು. ನಮ್ಮ ಫಿನ್ನಿಶ್ ಜನಕ್ಕೆ ನೆಗಡಿಗೂ ಮುರಿದ ಮನಸ್ಸಿಗೂ ಒಂದೇ ಮದ್ದು, ಸೌನಾ. ಬಿಸಿ ಕಲ್ಲಿನ ಆ ಹಬೆಮನೆಗೆ ಅವನು ಬ್ಯಾಟರಿಗಳನ್ನು ಹೊತ್ತೊಯ್ದು, ಒಲೆಗೆ ಬರ್ಚ್ ಸೌದೆ ತುರುಕಿದ.

"ಬ್ಯಾಟರಿಗೆ ಅಭ್ಯಂಜನಾನೇನ್ರೀ? ನಾವು ಸ್ನಾನ ಎಲ್ಲಿ ಮಾಡೋದು?" ಎಂದಳು ಹೆಲ್ಮಿ. "ಹೋಗ್ಲಿ, ಕೆಳಗಿನ ಹಲಗೆ ಮೇಲಾದ್ರೂ ಇಡ್ರೀ, ಅಲ್ಲಿ ಬಿಸಿ ಕಮ್ಮಿ."

"ಕೆಳಗಿನದು ಮಕ್ಕಳಿಗೆ. ನಮ್ಮಪ್ಪಂಗೆ ಕೆಮ್ಮು ಬಂದಾಗ ಮೇಲಿನ ಹಲಗೇಲೇ ವಾಸಿಯಾಯ್ತು."

"ಅವ್ರು ಸತ್ತಿದ್ದೂ ಅಲ್ಲೇ."

ಮೇಲಿನ ಹಲಗೆಯಲ್ಲೇ ಇಟ್ಟ. ಬೆಳಗಿನ ಜಾವ ನೋಡಿದರೆ ಬ್ಯಾಟರಿಗಳ ಪ್ಲಾಸ್ಟಿಕ್ ಮೈ ಮೆತ್ತಗಾಗಿ, ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಒಂದೆರಡರಿಂದ ಆಸಿಡ್ ಜಿನುಗುತ್ತಿತ್ತು. ಹೆಲ್ಮಿ ಅವನ್ನು ನೋಡುತ್ತ ಕಾಫಿ ಜೋರಾಗಿ ಹೀರಿದಳು. ವೈಕ್ಕೊ ಅವನ್ನೇ ಗಾಡಿಗೆ ಬಿಗಿದು ಹೊರಟ.

ಗಾಡಿ ಹೊಳೆ ದಾಟಿತು, ಜೌಗಿಗೂ ಇಳಿಯಿತು. ಅಟ್ಟಣೆ ಕಣ್ಣಿಗೆ ಬಿದ್ದ ಕೂಡಲೇ ಮೋಟರ್ ನಿಟ್ಟುಸಿರಿಟ್ಟು ನಿಂತಿತು. ಬ್ಯಾಟರಿಗಳ ಭಾರಕ್ಕೆ ಚಕ್ರಗಳು ನಿಧಾನವಾಗಿ ಕೆಸರಿಗಿಳಿದವು. ವೈಕ್ಕೊ ಕೋವಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದ. ಮಂಡಿ ಕೈಕೊಟ್ಟು ಗಾಡಿಯ ಪಕ್ಕದಲ್ಲೇ ಕುಸಿದ. ಮೂಡಣ ಬೆಳ್ಳಗಾಗುತ್ತಿತ್ತು.

ಸೀಡರ್ ಮರದ ಹಿಂದಿನಿಂದ ಒನ್ನಿ ಬಂದ. ಬರಲೇಬೇಕಲ್ಲ, ಕಾದೇ ನಿಂತಿದ್ದವನು.

"ಅಯ್ಯೋ ಅಣ್ಣಾ! ಕೈ ಕೊಡು, ಎಬ್ಬಿಸ್ತೀನಿ. ಯಾರಿಗೂ ಹೇಳಲ್ಲ, ನಮ್ಮಮ್ಮನ ಆಣೆ."

ವೈಕ್ಕೊ ಕೆಸರಿನಲ್ಲಿ ಮೊಣಕೈ ಊರಿ, ಅಟ್ಟಣೆಯ ಕಡೆಗೆ ಮೈಯನ್ನು ಎಳೆದುಕೊಂಡ.

"ನಿಮ್ಮಮ್ಮ ಸತ್ತು ಎಷ್ಟು ಕಾಲ ಆಯ್ತೋ, ಅವಳ್ನ ಯಾಕೆ ಎಳೀತೀಯ? ಕೈ ಜೇಬಲ್ಲಿಟ್ಕೊ ಒನ್ನಿ, ಮರಗಟ್ಟೀತು. ತೆವಳೋದು ನಂಗೆ ಬರುತ್ತೆ. ಆ ಕಡೆ ಸರ್ಕೊಂಡು ನಿಂತ್ಕೊ. ನಿನ್ನ ನೆರಳು ಮೈಮೇಲೆ ಬಿದ್ರೂ ಸಹಾಯ ಮಾಡ್ದೆ ಅಂತ ಊರೆಲ್ಲ ಸಾರ್ತೀಯ."