ಮದುವೆ ಕಾರ್ಡಿನ ಹಿಂದಿನ ದಾಳ

ಅತ್ತಿಗುಪ್ಪೆಗೆ ಮೆಟ್ರೋ ಬರುವ ಮುಂಚಿನ ಮಾತು. ಎದುರುಮನೆಯ ಅಣ್ಣ ಭಾನುವಾರ ನಮಗೆ ಕಥೆಯ ಆಟ ಆಡಿಸುತ್ತಿದ್ದರು. ನಾವು ಕಾಲೇಜು ಹುಡುಗರೆಲ್ಲ ವೀರರು. ರಾಕ್ಷಸರು ಅವರ ಪಾಲು. ಇಪ್ಪತ್ತು ಮುಖದ ದಾಳದಲ್ಲಿ ದೊಡ್ಡ ಅಂಕಿ ಬಿದ್ದರೆ ರಾಕ್ಷಸನ ಏಟಿಗೆ ನಾವು ಸತ್ತಂತೆ. ಅವರು ಯಾರದೋ ದಪ್ಪ ಮದುವೆ ಕಾರ್ಡನ್ನು ಅಡ್ಡ ನಿಲ್ಲಿಸಿ, ಹಿಂದೆ ದಾಳ ಉರುಳಿಸಿ, ಕನ್ನಡಕ ಒರೆಸಿಕೊಂಡು ಅಂಕಿ ಹೇಳುತ್ತಿದ್ದರು. "ದಾಳ ಸುಳ್ಳು ಹೇಳಲ್ಲ ಕಣ್ರೋ."

ಒಮ್ಮೆ ಕಾಫಿ ತಂದ ಅವರಮ್ಮ ಹಿಂದಿನಿಂದ ಬಗ್ಗಿ ನೋಡಿದರು. "ಅಲ್ವೋ, ಹತ್ತೊಂಬತ್ತು ಬಿದ್ದಿದೆ, ಮೂರು ಅಂತೀಯಲ್ಲೋ!"

ನಮಗೆ ಅವಮಾನವಾಯಿತು. "ಎದುರಿಗೇ ಹಾಕಿ ಅಣ್ಣ, ನಾವೇನು ಚಿಕ್ಕಮಕ್ಕಳಾ?"

ಅವರು ಕಾರ್ಡು ಮಡಚಿ, ದಾಳವನ್ನು ನಮ್ಮೆದುರಿಗೇ ಉರುಳಿಸತೊಡಗಿದರು. ಕಾಫಿ ಆರುವಷ್ಟರಲ್ಲಿ ನಾವೆಲ್ಲ ಸತ್ತಿದ್ದೆವು.

ಮುಂದಿನ ಭಾನುವಾರ ಕಾರ್ಡನ್ನು ನಾವೇ ನಿಲ್ಲಿಸಿದೆವು. ಅವರು ಕನ್ನಡಕ ಒರೆಸಿಕೊಂಡರು.

"ದಾಳ ಸುಳ್ಳು ಹೇಳಲ್ಲ ಕಣ್ರೋ."

"ಹೌದಣ್ಣ," ಎಂದೆವು.